ಶಾಲೆ ಬಿಟ್ಟ ಹುಡುಗ ಕಟ್ಟಿದ ಶಾಲೆ: ಟ್ಯಾಗೋರ್ ಮತ್ತು ಶಾಂತಿನಿಕೇತನದ 40 ವರ್ಷ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರ್ ಹೆಸರಿದೆ ಅನ್ನೋದು ಜಿಲ್ಲೆಯ ಎಲ್ಲರಿಗೂ ಗೊತ್ತು. ರಾಷ್ಟ್ರಗೀತೆ ಬರೆದವರು, ನೊಬೆಲ್ ಬಂದವರು, ಉದ್ದ ಗಡ್ಡದ ಕವಿ ಅನ್ನೋದೂ ಗೊತ್ತು. ಆದರೆ ಈ ಮನುಷ್ಯ ಹುಡುಗನಾಗಿದ್ದಾಗ ನಾಲ್ಕು ಶಾಲೆ ಬದಲಾಯಿಸಿ, ಒಂದನ್ನೂ ಪೂರ್ತಿ ಮುಗಿಸದೆ ಬಿಟ್ಟವರು. ಮುಂದೆ ಅವರೇ ಒಂದು ಖಾಸಗಿ ವಸತಿ ಶಾಲೆ ತೆರೆದರು. ಅದನ್ನು ನಡೆಸೋಕೆ ಮನೆಯ ಒಡವೆ ಮಾರಿದರು, ಸಾಲ ಮಾಡಿದರು, 75ನೇ ವಯಸ್ಸಿನಲ್ಲಿ ಊರೂರು ತಿರುಗಿ ನಾಟಕ ಆಡಿಸಿ ದುಡ್ಡು ಎತ್ತಿದರು. ಆ ಕಥೆ ಅಷ್ಟಾಗಿ ಯಾರೂ ಹೇಳೋದಿಲ್ಲ.

ಬೆಂಚಿನ ಮೇಲೆ ನಿಂತ ಹುಡುಗ

1861ರ ಮೇ 7ರಂದು ಕೋಲ್ಕತ್ತಾದ ಜೊರಾಸಾಂಕೋ ಮನೆಯಲ್ಲಿ ರವೀಂದ್ರ ಹುಟ್ಟಿದ್ದು. ತಂದೆ ದೇವೇಂದ್ರನಾಥ ದೊಡ್ಡ ಜಮೀನ್ದಾರರು, ಬ್ರಹ್ಮ ಸಮಾಜದ ಮುಖಂಡರು. ಮನೆ ತುಂಬ ಮಕ್ಕಳು, ಆಳುಕಾಳು. ಅಣ್ಣಂದಿರು ಶಾಲೆಗೆ ಹೋಗೋದು ನೋಡಿ ತಾನೂ ಹೋಗಬೇಕು ಅಂತ ಹುಡುಗ ಒಂದು ದಿನ ಹಟ ಹಿಡಿದು ಅತ್ತ. ಮನೆಪಾಠದ ಮೇಷ್ಟ್ರು ಕೆನ್ನೆಗೆ ಒಂದು ಬಾರಿಸಿ, ಈಗ ಹೋಗೋಕೆ ಅಳ್ತಿದ್ದೀಯ, ಆಮೇಲೆ ಬಿಟ್ಟರೆ ಸಾಕು ಅಂತ ಇನ್ನೂ ಜಾಸ್ತಿ ಅಳ್ತೀಯ ಅಂದರು. ಆ ಮಾತು ನಿಜವಾಯ್ತು.

ಮೊದಲು ಸೇರಿದ್ದು ಓರಿಯೆಂಟಲ್ ಸೆಮಿನರಿಗೆ. ಪಾಠ ಒಪ್ಪಿಸದಿದ್ದರೆ ಬೆಂಚಿನ ಮೇಲೆ ನಿಲ್ಲಿಸಿ, ಎರಡೂ ಕೈ ಚಾಚಿಸಿ, ಅಂಗೈ ಮೇಲೆ ಸ್ಲೇಟುಗಳನ್ನು ಪೇರಿಸೋದು ಅಲ್ಲಿನ ಶಿಕ್ಷೆ. ಮನೆಗೆ ಬಂದ ಹುಡುಗ ಜಗಲಿಯ ಮರದ ಕಂಬಿಗಳನ್ನೇ ವಿದ್ಯಾರ್ಥಿಗಳು ಅಂದುಕೊಂಡು, ಕೈಯಲ್ಲಿ ಬೆತ್ತ ಹಿಡಿದು ಮೇಷ್ಟ್ರಾಟ ಆಡುತ್ತಿದ್ದ. ದಡ್ಡ ಕಂಬಿಗಳಿಗೆ ಹೊಡೆದು ಹೊಡೆದು ಅವು ಸವೆದಿದ್ದವು. ಶಾಲೆಯಿಂದ ತಾನು ಬೇಗ ಕಲಿತದ್ದು ಪಾಠ ಅಲ್ಲ, ಮೇಷ್ಟ್ರ ಸಿಟ್ಟು ಅಂತ ಅವರು ದೊಡ್ಡವರಾದ ಮೇಲೆ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

ಆಮೇಲೆ ನಾರ್ಮಲ್ ಸ್ಕೂಲ್. ಅಲ್ಲಿ ಒಬ್ಬ ಮೇಷ್ಟ್ರ ಬಾಯಿ ಎಷ್ಟು ಹೊಲಸು ಅಂದರೆ, ಅವರು ಏನು ಕೇಳಿದರೂ ಹುಡುಗ ಬಾಯಿ ಬಿಡುತ್ತಿರಲಿಲ್ಲ. ವರ್ಷವಿಡೀ ಕೊನೆಯ ಸಾಲಿನಲ್ಲಿ ಸುಮ್ಮನೆ ಕೂತ. ಪರೀಕ್ಷೆಯಲ್ಲಿ ನೋಡಿದರೆ ಬಂಗಾಳಿಗೆ ಅವನಿಗೇ ಹೆಚ್ಚು ಅಂಕ. ಮೇಷ್ಟ್ರು ಒಪ್ಪಲಿಲ್ಲ, ಪಕ್ಷಪಾತ ಆಗಿದೆ ಅಂತ ದೂರಿದರು. ಮೇಲಿನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಪರೀಕ್ಷೆ ಮಾಡಿದರು. ಮತ್ತೆ ಅವನೇ ಮೊದಲು.

ಬೆಂಗಾಲ್ ಅಕಾಡೆಮಿ ಆಯ್ತು, ಸೇಂಟ್ ಕ್ಸೇವಿಯರ್ಸ್ ಆಯ್ತು. ಹುಡುಗ ಎಲ್ಲೂ ನಿಲ್ಲಲಿಲ್ಲ. ಸೇಂಟ್ ಕ್ಸೇವಿಯರ್ಸ್‌ನಲ್ಲಿ ಒಬ್ಬ ಪಾದ್ರಿ ಮಾತ್ರ ಅವನ ಭುಜದ ಮೇಲೆ ಕೈಯಿಟ್ಟು, ಹುಷಾರಿಲ್ವಾ ಅಂತ ಮೆಲ್ಲಗೆ ವಿಚಾರಿಸಿದ್ದರು. ಅಲ್ಲಿ ಕಲಿತ ಪಾಠ ಮರೆತುಹೋಯ್ತು. ಆ ಕೈ ಮಾತ್ರ ಮುದುಕರಾಗುವವರೆಗೂ ನೆನಪಿತ್ತು.

ಕೊನೆಗೆ ಮನೆಯವರು ಕೈಚೆಲ್ಲಿದರು. ಇವನು ಮನುಷ್ಯನಾಗ್ತಾನೆ ಅಂತ ಇದ್ದ ಆಸೆಯೂ ಹೋಯ್ತು ಅಂತ ಅಕ್ಕ ನೊಂದುಕೊಂಡರು. 1878ರಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಬ್ರೈಟನ್‌ನಲ್ಲಿ ಒಂದಿಷ್ಟು ದಿನ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಒಂದಿಷ್ಟು ದಿನ. 1880ರಲ್ಲಿ ಡಿಗ್ರಿ ಇಲ್ಲದೆ ವಾಪಸ್ ಬಂದರು.

ಕಾರವಾರದ ದಿನಗಳು

ಅಣ್ಣ ಸತ್ಯೇಂದ್ರನಾಥ ಐಸಿಎಸ್ ಪಾಸಾದ ಮೊದಲ ಭಾರತೀಯ. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ತಮ್ಮ ಇಲ್ಲಿಗೆ ಬಂದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿ, ದಡದಲ್ಲಿ ಒಬ್ಬ ರೈತನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಊಟ ಮಾಡಿ, ಬರುವಾಗ ಮರಳಿನ ಮೇಲೆ ನಡೆದುಕೊಂಡೇ ಮನೆ ಸೇರಿದ್ದನ್ನು ಅವರು ಬರೆದಿಟ್ಟಿದ್ದಾರೆ.

ಇಲ್ಲಿದ್ದಾಗಲೇ 'ಪ್ರಕೃತಿರ್ ಪ್ರತಿಶೋಧ' ಅನ್ನೋ ನಾಟಕ ಬರೆದರು. ಲೋಕ ಬಿಟ್ಟು ಗುಹೆ ಸೇರಿದ ಸನ್ಯಾಸಿಯನ್ನು ಒಬ್ಬ ತಬ್ಬಲಿ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು. ದೊಡ್ಡ ದೊಡ್ಡ ಸಾಧನೆಗಿಂತ ಒಂದು ಮಗುವಿನ ಪ್ರೀತಿ ದೊಡ್ಡದು ಅನ್ನೋ ಮಾತು ಅವರ ಬರವಣಿಗೆಯಲ್ಲಿ ಗಟ್ಟಿಯಾಗಿ ಬಂದದ್ದು ಹೀಗೆ ನಮ್ಮ ಕಡಲ ದಂಡೆಯಲ್ಲಿ. ಅದೇ ಡಿಸೆಂಬರಿನಲ್ಲಿ ಮೃಣಾಲಿನಿ ದೇವಿ ಜೊತೆ ಮದುವೆಯಾಯ್ತು.

ಐದು ಹುಡುಗರ ಶಾಲೆ

ಮಕ್ಕಳಾದ ಮೇಲೆ ಅವರನ್ನು ಎಲ್ಲಿ ಓದಿಸೋದು ಅನ್ನೋ ಪ್ರಶ್ನೆ ಬಂತು. ತಾನು ಪಟ್ಟ ಪಾಡು ಮಕ್ಕಳಿಗೆ ಬೇಡ ಅಂತ ಶಿಲೈದಹದ ಜಮೀನಿನ ಮನೆಯಲ್ಲೇ ಕೂರಿಸಿ ಪಾಠ ಹೇಳಿಸಿದರು. ಆದರೆ ನಾಲ್ಕು ಗೋಡೆಯ ಮಧ್ಯೆ ಒಂಟಿಯಾಗಿ ಕಲಿಯೋದೂ ಸರಿಯಲ್ಲ ಅನ್ನಿಸಿತು.

ಕೋಲ್ಕತ್ತಾದಿಂದ ಸುಮಾರು 160 ಕಿ.ಮೀ. ದೂರದಲ್ಲಿ ಬೋಲ್‌ಪುರ. ಅದರ ಪಕ್ಕದ ಬರಡು ಕೆಮ್ಮಣ್ಣಿನ ಬಯಲಲ್ಲಿ ತಂದೆ ದೇವೇಂದ್ರನಾಥ 1863ರಲ್ಲಿ 20 ಬಿಘಾ ಜಾಗ ಹಿಡಿದಿದ್ದರು. ಅಲ್ಲಿದ್ದದ್ದು ಎರಡು ಸಪ್ತಪರ್ಣಿ ಮರ, ನಮ್ಮ ಕಡೆ ಹಾಲೆ ಮರ ಅಂತಾರಲ್ಲ, ಅದು. ಆ ಜಾಗಕ್ಕೆ ಶಾಂತಿನಿಕೇತನ ಅಂತ ಹೆಸರಿಟ್ಟಿದ್ದರು. 1901ರ ಡಿಸೆಂಬರ್ 22ರಂದು ಅಲ್ಲಿ ರವೀಂದ್ರರ ಶಾಲೆ ಶುರುವಾಯ್ತು. ಐದು ಜನ ವಿದ್ಯಾರ್ಥಿಗಳು, ಅದರಲ್ಲಿ ಒಬ್ಬ ಅವರದೇ ಮಗ ರಥೀಂದ್ರ. ಮೊದಮೊದಲು ಫೀಸೂ ಇರಲಿಲ್ಲ.

ದುಡ್ಡು ಎಲ್ಲಿಂದ? ಹೆಂಡತಿ ಮೃಣಾಲಿನಿ ತಮ್ಮ ಒಡವೆ ಬಿಚ್ಚಿಕೊಟ್ಟರು. ಪುರಿಯಲ್ಲಿದ್ದ ಮನೆ ಮಾರಾಟವಾಯ್ತು. ಅವರ ಚಿನ್ನದ ಗಡಿಯಾರವೂ ಹೋಯ್ತು. ಹುಡುಗರ ಊಟ ತಿಂಡಿಯನ್ನು ಮೃಣಾಲಿನಿಯೇ ನಿಂತು ನೋಡಿಕೊಂಡರು.

ಮರದ ಕೆಳಗೆ ಒಂದು ದಿನ

ನಸುಕಿನಲ್ಲೇ ಗಂಟೆ ಬಾರಿಸುತ್ತಿತ್ತು. ಹುಡುಗರು ಎದ್ದು ತಮ್ಮ ಹಾಸಿಗೆ ಮಡಚಿ, ಕೋಣೆ ಗುಡಿಸಿ, ಬಾವಿ ಕಟ್ಟೆಯಲ್ಲಿ ಸ್ನಾನ ಮುಗಿಸಬೇಕು. ಆಮೇಲೆ ಸ್ವಲ್ಪ ಹೊತ್ತು ಒಬ್ಬೊಬ್ಬರೇ ಮೌನವಾಗಿ ಕೂರೋದು, ಒಟ್ಟಿಗೆ ಪ್ರಾರ್ಥನೆ, ತಿಂಡಿ. ಪಾಠಕ್ಕೆ ಕಟ್ಟಡ ಇಲ್ಲ. ಪ್ರತಿ ತರಗತಿಗೆ ಒಂದು ಮರ. ಹುಡುಗ ತನ್ನ ಚಾಪೆ ತುಂಡು ಕಂಕುಳಲ್ಲಿ ಇಟ್ಟುಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಬೇಕು.

ಹೊಡೆಯೋದು ನಿಷೇಧ. ತಪ್ಪು ಮಾಡಿದ ಹುಡುಗನ ವಿಚಾರಣೆ ಹುಡುಗರದೇ ಪಂಚಾಯ್ತಿಯಲ್ಲಿ. ಸಂಜೆ ಫುಟ್‌ಬಾಲ್, ರಾತ್ರಿ ಕಥೆ, ಹಾಡು, ನಾಟಕ. ಹುಡುಗರೇ ಕೈಬರಹದ ಪತ್ರಿಕೆ ತರುತ್ತಿದ್ದರು. ಪಕ್ಕದ ಸಂತಾಲ ಹಳ್ಳಿಗಳಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ವಾರದ ರಜೆ ಭಾನುವಾರ ಅಲ್ಲ, ಬುಧವಾರ.

ಮೇಷ್ಟ್ರುಗಳನ್ನು ಆರಿಸಿದ ರೀತಿಯೂ ಬೇರೆ. ಜಗದಾನಂದ ರಾಯ್ ಟ್ಯಾಗೋರ್ ಎಸ್ಟೇಟಿನ ಕಚೇರಿಯಲ್ಲಿದ್ದವರು, ವಿಜ್ಞಾನ ಹೇಳಿಕೊಡೋಕೆ ಬಂದರು. ಹರಿಚರಣ ಬಂದ್ಯೋಪಾಧ್ಯಾಯ ಕೂಡ ಜಮೀನಿನ ಲೆಕ್ಕ ನೋಡುತ್ತಿದ್ದವರೇ, ಸಂಸ್ಕೃತ ಮೇಷ್ಟ್ರಾದರು. ಪಾಠ ಮಾಡುತ್ತಲೇ ಒಬ್ಬರೇ ಕೂತು ದಶಕಗಟ್ಟಲೆ ದುಡಿದು ಬಂಗಾಳಿಯ ದೊಡ್ಡ ನಿಘಂಟು ಬರೆದರು.

ಪರೀಕ್ಷೆಯ ಇಕ್ಕಟ್ಟು

ಮರದ ಕೆಳಗೆ ಏನೇ ಕಲಿಸಿದರೂ ಅಪ್ಪ ಅಮ್ಮಂದಿರಿಗೆ ಬೇಕಾದ್ದು ಒಂದೇ, ಕಲ್ಕತ್ತಾ ವಿಶ್ವವಿದ್ಯಾಲಯದ ಎಂಟ್ರೆನ್ಸ್ ಪರೀಕ್ಷೆ. ಅದು ಪಾಸಾದರೆ ಕಾಲೇಜು, ಕಾಲೇಜಾದರೆ ನೌಕರಿ. ಪರೀಕ್ಷೆ ಅಂದರೆ ಆಗದ ಟ್ಯಾಗೋರ್ ಕೂಡ ಹುಡುಗರನ್ನು ಅದಕ್ಕೆ ತಯಾರು ಮಾಡಲೇಬೇಕಾಯ್ತು. ಮಗ ರಥೀಂದ್ರ 1904ರಲ್ಲಿ ಅದೇ ಪರೀಕ್ಷೆ ಪಾಸಾದರು. ಆಮೇಲೆ ಅಪ್ಪ ಅವರನ್ನು ಕಳಿಸಿದ್ದು ವಕೀಲಿಕೆಗಲ್ಲ, ಐಸಿಎಸ್‌ಗಲ್ಲ. 1906ರಲ್ಲಿ ಅಮೆರಿಕದ ಇಲಿನಾಯ್‌ಗೆ, ಕೃಷಿ ಓದೋಕೆ.

ಇನ್ನೊಂದು ತಾಪತ್ರಯ. ಮನೆಯಲ್ಲಿ ಹೇಳಿದ ಮಾತು ಕೇಳದ ಮಕ್ಕಳನ್ನು ಜನ ಇಲ್ಲಿಗೆ ತಂದು ಬಿಡುತ್ತಿದ್ದರು. ಆ ಪೋಲಿ ಹುಡುಗರನ್ನು ಬೆತ್ತ ಇಲ್ಲದೆ ದಾರಿಗೆ ತರೋದು ಮೇಷ್ಟ್ರುಗಳ ಪಾಲಿಗೆ ಸಣ್ಣ ಕೆಲಸ ಆಗಿರಲಿಲ್ಲ.

ಶಾಲೆಯಲ್ಲಿ ಎಲ್ಲವೂ ಸರಿಯಿತ್ತು ಅಂತಲೂ ಅಲ್ಲ. ಶುರುವಿನಲ್ಲಿ ಜಾತಿ ಒಳಗೇ ಇತ್ತು. ಬ್ರಾಹ್ಮಣ ಹುಡುಗರು ಬ್ರಾಹ್ಮಣರಲ್ಲದ ಮೇಷ್ಟ್ರ ಕಾಲಿಗೆ ಬೀಳಬೇಕೋ ಬೇಡವೋ ಅನ್ನೋ ಚರ್ಚೆ 1902ರಲ್ಲಿ ಎದ್ದಾಗ ಟ್ಯಾಗೋರ್ ಹಳೇ ಪದ್ಧತಿಯ ಪರವಾಗಿಯೇ ನಿಂತರು. ಊಟದ ಸಾಲಿನಲ್ಲಿ ಬ್ರಾಹ್ಮಣ ಹುಡುಗರು ಬೇರೆ ಕೂರೋದನ್ನು 1915ರಲ್ಲಿ ಬಂದ ಗಾಂಧೀಜಿಯೂ ಎತ್ತಿ ತೋರಿಸಿದರು. ಹುಡುಗರನ್ನು ಬಲವಂತ ಮಾಡೋದಿಲ್ಲ, ತಾವಾಗಿಯೇ ಬಿಡಬೇಕು ಅನ್ನೋದು ಟ್ಯಾಗೋರ್ ನಿಲುವು. ಕಾಲ ಹೋದಂತೆ ಅವರೂ ಬದಲಾದರು, ಶಾಲೆಯೂ ಬದಲಾಯ್ತು.

ಸಾವಿನ ಮೇಲೆ ಸಾವು

ಶಾಲೆ ಶುರುವಾಗಿ ಒಂದು ವರ್ಷ ತುಂಬುವ ಮೊದಲೇ, 1902ರ ನವೆಂಬರ್ 23ರಂದು ಮೃಣಾಲಿನಿ ತೀರಿಕೊಂಡರು. ಮರುವರ್ಷ ಮಗಳು ರೇಣುಕಾ ಕ್ಷಯದಿಂದ ಹೋದಳು. 1904ರಲ್ಲಿ ಇಪ್ಪತ್ತು ದಾಟಿದ್ದ ಮೇಷ್ಟ್ರು ಸತೀಶ್ ರಾಯ್ ಸಿಡುಬಿಗೆ ಬಲಿಯಾದರು, ಶಾಲೆಯನ್ನೇ ಕೆಲವು ದಿನ ಶಿಲೈದಹಕ್ಕೆ ಸಾಗಿಸಬೇಕಾಯ್ತು. 1905ರಲ್ಲಿ ತಂದೆ ಹೋದರು.

ಕಿರಿ ಮಗ ಶಮೀಂದ್ರ ಅದೇ ಶಾಲೆಯ ಹುಡುಗ. 1907ರಲ್ಲಿ ಗೆಳೆಯರನ್ನು ಸೇರಿಸಿ ವಸಂತ ಋತುವಿನ ಹಬ್ಬ ಮಾಡಿದ್ದ. ಅದೇ ವರ್ಷ ರಜೆಗೆ ಮುಂಗೇರ್‌ಗೆ ಹೋದವನು ಕಾಲರಾದಿಂದ ತೀರಿಕೊಂಡ. ಹನ್ನೊಂದು ವರ್ಷ ಇನ್ನೂ ತುಂಬಿರಲಿಲ್ಲ. ಆ ದಿನವೂ ನವೆಂಬರ್ 23, ತಾಯಿ ಹೋದ ತಾರೀಖೇ. ಶಾಂತಿನಿಕೇತನದ ವಸಂತೋತ್ಸವ ಇವತ್ತಿಗೂ ಹೆಸರಾಗಿದೆ. ಅದರ ಬೇರು ಆ ಹುಡುಗನ ಹಬ್ಬದಲ್ಲಿದೆ.

ಟ್ಯಾಗೋರ್ ಶಾಲೆ ಮುಚ್ಚಲಿಲ್ಲ. ಮರುವರ್ಷವೇ ಹುಡುಗರು ಆಡಲಿ ಅಂತ 'ಶಾರದೋತ್ಸವ' ನಾಟಕ ಬರೆದುಕೊಟ್ಟರು.

ಬಾಗಿಲಿಗೆ ಬಂದ ಸರ್ಕಾರ, ಕೈಗೆ ಬಂದ ನೊಬೆಲ್

ಬ್ರಿಟಿಷ್ ಸರ್ಕಾರಕ್ಕೆ ಈ ಶಾಲೆಯ ಮೇಲೆ ಗುಮಾನಿ. 1911ರ ಹೊತ್ತಿಗೆ ಪೂರ್ವ ಬಂಗಾಳ ಸರ್ಕಾರ ಒಂದು ಸುತ್ತೋಲೆ ಹೊರಡಿಸಿ, ಸರ್ಕಾರಿ ನೌಕರರು ಮಕ್ಕಳನ್ನು ಇಲ್ಲಿ ಓದಿಸೋದು ಸರಿಯಲ್ಲ ಅಂತ ತಿಳಿಸಿತು. ಕೆಲಸ ಹೋದೀತು ಅಂತ ಹೆದರಿ ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

1913ರ ನವೆಂಬರಿನಲ್ಲಿ ನೊಬೆಲ್ ಸುದ್ದಿ ಬಂತು. ಶಾಲೆಯ ಚರಂಡಿ ಕಟ್ಟಿಸೋಕೆ ಕಾಸಿಲ್ಲ ಅಂತ ಚಿಂತೆ ನಡೆದಿದ್ದಾಗ ತಂತಿ ಬಂತು, ಟ್ಯಾಗೋರ್ ಅದನ್ನು ಮೇಷ್ಟ್ರ ಕೈಗಿಟ್ಟು ನಿಮ್ಮ ಚರಂಡಿಗೆ ದುಡ್ಡು ಬಂತು ಅಂದರು ಅಂತ ಅಲ್ಲಿನವರು ಹೇಳಿಕೊಳ್ಳುತ್ತಿದ್ದರು. ಆ ಹಣವನ್ನು ಅವರು ಪತಿಸರದಲ್ಲಿ ತಾವೇ ಕಟ್ಟಿದ್ದ ಕೃಷಿ ಬ್ಯಾಂಕಿನಲ್ಲಿ ಇಟ್ಟರು. ರೈತರಿಗೆ ಕಡಿಮೆ ಬಡ್ಡಿಗೆ ಸಾಲ ಸಿಗಲಿ, ಬರುವ ಬಡ್ಡಿ ಶಾಲೆಗೆ ಆಗಲಿ ಅನ್ನೋ ಲೆಕ್ಕ. ಲೆಕ್ಕ ಒಳ್ಳೆಯದೇ. ಆದರೆ ಸಾಲ ವಾಪಸ್ ಬರಲಿಲ್ಲ, ಬ್ಯಾಂಕ್ ಮುಳುಗಿತು, ನೊಬೆಲ್ ದುಡ್ಡೂ ಅದರ ಜೊತೆ ಹೋಯ್ತು.

1915ರ ಮಾರ್ಚ್ 10ರಂದು ಗಾಂಧೀಜಿ ಮಾತಿಗೆ ಹುಡುಗರು, ಮೇಷ್ಟ್ರುಗಳು ಸೇರಿ ಅಡುಗೆ, ಪಾತ್ರೆ, ಕಕ್ಕಸು ಎಲ್ಲವನ್ನೂ ತಾವೇ ಮಾಡಿದರು. ಈ ಪ್ರಯೋಗ ಬಹಳ ದಿನ ನಡೆಯಲಿಲ್ಲ. ಆದರೆ ಆ ತಾರೀಖಿಗೆ ಪ್ರತಿ ವರ್ಷ ಅಡುಗೆಯವರಿಗೆ, ಕೆಲಸದವರಿಗೆ ರಜೆ ಕೊಡೋ ಪದ್ಧತಿ ಉಳಿಯಿತು.

75ರಲ್ಲೂ ತಿರುಗಾಟ

1921ರಲ್ಲಿ ಶಾಲೆಯ ಜೊತೆಗೆ ವಿಶ್ವಭಾರತಿ ಹುಟ್ಟಿತು. ಖರ್ಚು ಇನ್ನೂ ಏರಿತು. ಪುಸ್ತಕದ ಹಣ, ಭಾಷಣದ ಹಣ ಎಲ್ಲ ಅಲ್ಲಿಗೇ. 1936ರಲ್ಲಿ 'ಚಿತ್ರಾಂಗದಾ' ನೃತ್ಯನಾಟಕದ ತಂಡ ಕಟ್ಟಿಕೊಂಡು ಟ್ಯಾಗೋರ್ ಉತ್ತರ ಭಾರತದ ಊರೂರು ತಿರುಗಿದರು. ಈ ವಯಸ್ಸಿನಲ್ಲಿ ಅವರ ಅಲೆದಾಟ ನೋಡಲಾರದೆ ದೆಹಲಿಯಲ್ಲಿ ಗಾಂಧೀಜಿ 60,000 ರೂಪಾಯಿ ಹೊಂದಿಸಿಕೊಟ್ಟು, ಇನ್ನು ಮನೆಗೆ ಹೋಗಿ ಅಂತ ಕೇಳಿಕೊಂಡರು.

1940ರಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದು ಹೊರಟಾಗ ಟ್ಯಾಗೋರ್ ಒಂದು ಪತ್ರ ಕೊಟ್ಟರು. ತಾನು ಹೋದ ಮೇಲೆ ಈ ಸಂಸ್ಥೆಯನ್ನು ನೋಡಿಕೊಳ್ಳಿ ಅನ್ನೋ ಮನವಿ. ಗಾಂಧೀಜಿ ಅದನ್ನು ಅಬುಲ್ ಕಲಾಂ ಆಜಾದ್ ಕೈಗೆ ದಾಟಿಸಿದರು. ಆಜಾದ್ ಶಿಕ್ಷಣ ಸಚಿವರಾಗಿದ್ದಾಗ, 1951ರಲ್ಲಿ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾಯ್ತು.

ಅದೇ 1940ರ ಆಗಸ್ಟ್ 7ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಪ್ರತಿನಿಧಿಗಳ ಮೂಲಕ ಶಾಂತಿನಿಕೇತನಕ್ಕೇ ಬಂದು ಗೌರವ ಡಾಕ್ಟರೇಟ್ ಕೊಟ್ಟಿತು. ಸರಿಯಾಗಿ ಒಂದು ವರ್ಷಕ್ಕೆ, 1941ರ ಆಗಸ್ಟ್ 7ರಂದು, ಹುಟ್ಟಿದ ಜೊರಾಸಾಂಕೋ ಮನೆಯಲ್ಲೇ ಟ್ಯಾಗೋರ್ ಕಣ್ಣು ಮುಚ್ಚಿದರು.

ಅವರ ಶಾಲೆಯ ಹಳೇ ಹುಡುಗ ಸುಧಿ ರಂಜನ್ ದಾಸ್ 1956ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಅದೇ ಮರಗಳ ಕೆಳಗೆ ಓದಿದ ಅಮರ್ತ್ಯ ಸೇನ್‌ಗೆ 1998ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಮಗುವಿಗೆ ಅಮರ್ತ್ಯ ಅಂತ ಹೆಸರಿಟ್ಟದ್ದೂ ಟ್ಯಾಗೋರ್ ಅವರೇ.

ಐದು ಹುಡುಗರಿಂದ ಶುರುವಾದ ಶಾಲೆ ಈಗ ಪಾಠಭವನ ಅನ್ನೋ ಹೆಸರಿನಲ್ಲಿ ನಡೀತಿದೆ. ಮಕ್ಕಳು ಈಗಲೂ ಮರದ ಕೆಳಗೆ ಕೂರುತ್ತಾರೆ, ಬುಧವಾರ ರಜೆ. ಕಾರವಾರದ ಮರಳಿನಲ್ಲಿ ಓಡಾಡಿದ ಆ 22ರ ಯುವಕನ ಕೈಯಲ್ಲಿ ಆಗ ಒಂದು ಸರ್ಟಿಫಿಕೇಟೂ ಇರಲಿಲ್ಲ. ಪರೀಕ್ಷೆ ಫಲಿತಾಂಶ ಬಂದ ದಿನ ಮನೆಯಲ್ಲಿ ಯಾವುದಾದರೂ ಮಗು ತಲೆ ತಗ್ಗಿಸಿ ಕೂತಿದ್ದರೆ, ಭುಜದ ಮೇಲೆ ಕೈಯಿಟ್ಟು ಈ ಕಥೆ ಹೇಳಬಹುದು.