ಕಾಲುವೆಯ ಸಾಲ ತೀರಿತು, ಕಟ್ಟಿಸಿದವನ ಸಾಲ ಉಳಿಯಿತು

ರಾಜ್ಯದ ಸಾಲ ಅಂದ ಕೂಡಲೇ ನಮ್ಮಲ್ಲಿ ಎರಡೇ ಪಕ್ಷ. ಸಾಲ ಮಾಡಿದ್ದೇ ತಪ್ಪು ಅನ್ನೋರು, ಸಾಲ ಇಲ್ಲದೆ ಅಭಿವೃದ್ಧಿ ಎಲ್ಲಿಂದ ಅನ್ನೋರು. ತೀರಿಸೋ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳೋರು ಕಮ್ಮಿ. ಡಿವಿಟ್ ಕ್ಲಿಂಟನ್ ಕಥೆ ಗೊತ್ತಿದ್ದರೆ ಮೊದಲು ಅದನ್ನೇ ಕೇಳುತ್ತೇವೆ.

1769ರಲ್ಲಿ ಹುಟ್ಟಿದ ಕ್ಲಿಂಟನ್ ನ್ಯೂಯಾರ್ಕ್ ನಗರದ ಮೇಯರ್ ಆಗಿದ್ದ. 1812ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮ್ಯಾಡಿಸನ್ ಎದುರು ಸೋತ. ಅದಕ್ಕೂ ಮೊದಲೇ, 1810ರಿಂದ, ಈರಿ ಸರೋವರವನ್ನು ಹಡ್ಸನ್ ನದಿಗೆ ಜೋಡಿಸುವ ಕಾಲುವೆ ಆಯೋಗದಲ್ಲಿದ್ದ. ಉದ್ದ 363 ಮೈಲಿ. ವಾಷಿಂಗ್ಟನ್ ದುಡ್ಡು ಕೊಡಲಿಲ್ಲ. 1817ರಲ್ಲಿ ಅಧ್ಯಕ್ಷ ಮ್ಯಾಡಿಸನ್ ಇಂಥ ಕಾಮಗಾರಿಗಳಿಗೆ ಹಣ ಕೊಡುವ ಮಸೂದೆಯನ್ನೇ ವೀಟೊ ಮಾಡಿದ. ಅದೇ ವರ್ಷ ಗವರ್ನರ್ ಆದ ಕ್ಲಿಂಟನ್, ರಾಜ್ಯದ ಹೆಸರಲ್ಲೇ ಬಾಂಡ್ ಮಾರಿ ಕೆಲಸ ಶುರು ಮಾಡಿಸಿದ.

ಎಂಜಿನಿಯರಿಂಗ್ ಓದಿದ ನನಗೆ 83 ಲಾಕ್‌ಗಳಿಗಿಂತ ಲೆಕ್ಕಪತ್ರವೇ ಹೆಚ್ಚು ಹಿಡಿಸಿದ್ದು. ಕಾಲುವೆಗೆಂದೇ ಪ್ರತ್ಯೇಕ ನಿಧಿ ಇತ್ತು. ಉಪ್ಪಿನ ಸುಂಕ, ಹರಾಜಿನ ಸುಂಕ, ಕಾಲುವೆಯ ಟೋಲ್ ಎಲ್ಲ ಅದಕ್ಕೇ. 1821ರ ರಾಜ್ಯ ಸಂವಿಧಾನ ಈ ಆದಾಯವನ್ನು ಸಾಲಕ್ಕೇ ಮೀಸಲಿಟ್ಟಿತು, ಬೇರೆ ಕಡೆ ತಿರುಗಿಸೋ ಹಾಗಿರಲಿಲ್ಲ. ಮೊದಲು ಅಗೆದಿದ್ದು ಸಮತಟ್ಟಾದ ಮಧ್ಯಭಾಗ. ಅಲ್ಲಿ ಬೇಗ ದೋಣಿ ಓಡಿದ್ದರಿಂದ ಹೂಡಿಕೆದಾರರಿಗೆ ನಂಬಿಕೆ ಬಂತು. ಲಂಡನ್ನಿನ ಹಣವೂ ಬಂತು.

1824ರಲ್ಲಿ ವಿರೋಧಿಗಳು ಕ್ಲಿಂಟನ್‌ನನ್ನು ಆಯೋಗದಿಂದ ಕಿತ್ತುಹಾಕಿದರು. ಅಲ್ಲಿ ಅವನಿಗೆ ಸಂಬಳವೂ ಇರಲಿಲ್ಲ. ಜನ ಸಿಟ್ಟಾಗಿ ಅದೇ ವರ್ಷ ಅವನನ್ನು ಮತ್ತೆ ಗವರ್ನರ್ ಮಾಡಿದರು. ಸುಮಾರು 70 ಲಕ್ಷ ಡಾಲರ್ ವೆಚ್ಚದ ಕಾಲುವೆ 1825ರಲ್ಲಿ ತೆರೆಯಿತು. ಬಫಲೋದಿಂದ ನ್ಯೂಯಾರ್ಕಿಗೆ ಟನ್‌ಗೆ ಸುಮಾರು 100 ಡಾಲರ್ ಇದ್ದ ಸಾಗಣೆ ವೆಚ್ಚ ಸುಮಾರು 10ಕ್ಕೆ ಇಳಿಯಿತು. ಟೋಲ್ ಬಡ್ಡಿಯನ್ನೂ ಮೀರಿತು. 1837ರ ಹೊತ್ತಿಗೆ ಮೂಲ ಸಾಲ ತೀರಿತು.

ಅದನ್ನು ನೋಡೋಕೆ ಕ್ಲಿಂಟನ್ ಇರಲಿಲ್ಲ. 1828ರ ಫೆಬ್ರವರಿಯಲ್ಲಿ, ಅಧಿಕಾರದಲ್ಲಿದ್ದಾಗಲೇ, ಸ್ವಂತ ಸಾಲ ಬಿಟ್ಟು ಸತ್ತ. ಸಾಲಗಾರರಿಗೆ ಕೊಡೋಕೆ ಅವನ ವಸ್ತುಗಳನ್ನು ಹರಾಜು ಹಾಕಿದರು. ಶವ ವರ್ಷಗಟ್ಟಲೆ ಬೇರೆಯವರ ಕುಟುಂಬದ ಸಮಾಧಿಯಲ್ಲಿತ್ತು.

ಅವನನ್ನು ನೋಡಿ ಇಂಡಿಯಾನಾ, ಇಲಿನಾಯ್, ಮಿಷಿಗನ್ ಕೂಡ ಕಾಲುವೆ, ರೈಲುಗಳಿಗೆ ಬಾಂಡ್ ಮಾರಿದವು. ಕಾಲುವೆಯನ್ನು ನಕಲು ಮಾಡಿದವು, ಮೀಸಲು ನಿಧಿಯನ್ನಲ್ಲ. 1841-42ರಲ್ಲಿ ಇವು ಸೇರಿ ಎಂಟು ರಾಜ್ಯಗಳು ಸಾಲ ಕಟ್ಟಲಾಗದೆ ಕೈ ಎತ್ತಿದವು. ಕಾಲುವೆ ಅಗಲ ಮಾಡೋಕೆ ಹೊಸ ಸಾಲ ಎತ್ತಿದ್ದ ನ್ಯೂಯಾರ್ಕ್ ಕೂಡ 1842ರಲ್ಲಿ ಕಾಮಗಾರಿ ನಿಲ್ಲಿಸಿ ತೆರಿಗೆ ಹಾಕಬೇಕಾಯಿತು.

ಕರ್ನಾಟಕವೂ ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನಲ್ಲಿ ಬಾಂಡ್ ಮಾರುತ್ತೆ. ಆ ಹಣ ಯಾವುದೋ ಒಂದು ಯೋಜನೆಗೆ ಅಂತ ಹೋಗಲ್ಲ, ಸಂಚಿತ ನಿಧಿಗೆ ಸೇರುತ್ತೆ. ಹಾಗಾಗಿ ಮುಂದಿನ ಬಜೆಟ್‌ನಲ್ಲಿ ಸಾಲದ ಮೊತ್ತ ಕೇಳಿ ಸುಮ್ಮನಾಗಬೇಡಿ. ಅದರಲ್ಲಿ ಎಷ್ಟು ಆಸ್ತಿಗೆ, ಎಷ್ಟು ದಿನದ ಖರ್ಚಿಗೆ, ತೀರಿಸೋಕೆ ಯಾವ ಆದಾಯ ಅಂತ ಕೇಳಿ.