ಉಪ್ಪಿನಕಾಯಿ ಹುಳಿಯಿಂದ ನೊಬೆಲ್‌ವರೆಗೆ

ನಮ್ಮ ಬೀದಿಯಲ್ಲಿ ನಾನು ಮಾಮ ಎಂದು ಕರೆಯುವ ಒಬ್ಬರಿದ್ದಾರೆ. ಹೆಸರು, ಊರು ಬೇಡ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕರಲ್ಲಿ ಯಾವ ತಾಲ್ಲೂಕು ಬೇಕಾದರೂ ಅಂದುಕೊಳ್ಳಿ, ಹೊಗೆಸೊಪ್ಪಿನ ಬ್ಯಾರನ್ ಎಲ್ಲ ಕಡೆಯೂ ಇದೆ. ಮಾಮನಿಗೆ ಎಚ್‌ಐವಿ ಇದೆ. ಮಾತ್ರೆ ಪುಕ್ಕಟೆ ಸಿಗುತ್ತದೆ. ಆದರೆ ತರಲು ಹೋದ ದಿನ ಕೂಲಿ ಇಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಊರಿನವರು ಸಿಕ್ಕಿ ಎಲ್ಲಿಗೆ ಎಂದರೆ ಸುಳ್ಳು ಹೇಳಬೇಕು. ಸೊಪ್ಪು ಬೇಯಿಸುವ ಕಾಲದಲ್ಲಿ ಹಗಲೂ ರಾತ್ರಿ ಒಲೆ ಕಾಯುತ್ತಾ ವಾರಗಟ್ಟಲೆ ಮಾತ್ರೆ ಬಿಟ್ಟರು. ಆಮೇಲೆ ರಕ್ತ ಪರೀಕ್ಷೆಯಲ್ಲಿ ವೈರಸ್ ಲೆಕ್ಕ ಏರಿತ್ತು. ಮತ್ತೆ ಸರಿಯಾಗಿ ನುಂಗಿದರೂ ಇಳಿಯಲಿಲ್ಲ. ವೈದ್ಯರು ಮಾತ್ರೆ ಬದಲಿಸಿದರು. ಪುಕ್ಕಟೆ ಮಾತ್ರೆಗೆ ಶಕ್ತಿ ಎಲ್ಲಿಂದ ಬರಬೇಕು ಅಂತ ಮಾಮ ಗೊಣಗಿದರು.

ನಾನು ಓದುತ್ತಿರುವುದು ಮೆಕ್ಯಾನಿಕಲ್ ಬಿಇ. ಔಷಧಿಗೂ ನನಗೂ ಸಂಬಂಧವಿಲ್ಲ. ಆದರೂ ಮೊದಲು ಕೆಲಸ ಮಾಡಿದ ಮಾತ್ರೆ ಆಮೇಲೆ ಯಾಕೆ ಮಾಡಲಿಲ್ಲ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಹುಡುಕುತ್ತಾ ಹೋದಾಗ ಸಿಕ್ಕವರು ಗರ್ಟ್ರೂಡ್ ಎಲಿಯನ್. ನಾನು ಹುಟ್ಟುವ ಮೊದಲೇ, 1999ರಲ್ಲಿ, ತೀರಿಕೊಂಡವರು.

ಅವರು ಹುಟ್ಟಿದ್ದು 1918ರಲ್ಲಿ, ನ್ಯೂಯಾರ್ಕಿನಲ್ಲಿ. ಅಪ್ಪ ವಲಸೆ ಬಂದ ಹಲ್ಲಿನ ಡಾಕ್ಟರ್, 1929ರ ಷೇರುಪೇಟೆ ಕುಸಿತದಲ್ಲಿ ಕೈಸುಟ್ಟುಕೊಂಡರು. ಹದಿನೈದನೇ ವಯಸ್ಸಿನಲ್ಲಿ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ಕಂಡ ಹುಡುಗಿ ರಸಾಯನಶಾಸ್ತ್ರ ಹಿಡಿದಳು. ಶುಲ್ಕವಿಲ್ಲದ ಹಂಟರ್ ಕಾಲೇಜಿನಲ್ಲಿ 1937ಕ್ಕೆ ಪದವಿಯಾಯಿತು. ಕೆಲಸ ಮಾತ್ರ ಎಲ್ಲೂ ಇಲ್ಲ. ಹೆಣ್ಣುಮಗಳು ಲ್ಯಾಬಿನಲ್ಲಿದ್ದರೆ ಗಂಡಸರ ಗಮನ ಕೆಡುತ್ತದೆ ಎಂದು ಒಂದು ಕಡೆ ವಾಪಸ್ ಕಳಿಸಿದರಂತೆ. ಸಂಬಳವಿಲ್ಲದೆ ಒಬ್ಬ ರಸಾಯನ ತಜ್ಞರ ಬಳಿ ದುಡಿದರು, ಹೈಸ್ಕೂಲಿನಲ್ಲಿ ಪಾಠ ಹೇಳಿದರು, ರಾತ್ರಿ ಓದಿ ಎಂಎಸ್ಸಿ ಮುಗಿಸಿದರು. ಮದುವೆಯಾಗಬೇಕಿದ್ದ ಹುಡುಗ 1941ರಲ್ಲಿ ಹೃದಯದ ಸೋಂಕಿನಿಂದ ಸತ್ತ. ಪೆನಿಸಿಲಿನ್ ಆಗಿನ್ನೂ ಜನರ ಕೈಗೆ ಬಂದಿರಲಿಲ್ಲ. ಎಲಿಯನ್ ಮದುವೆಯನ್ನೇ ಆಗಲಿಲ್ಲ.

ಒಂದು ಆಹಾರ ಕಂಪನಿಯಲ್ಲಿ ಉಪ್ಪಿನಕಾಯಿಯ ಹುಳಿ, ಮೇಯನೇಸಿಗೆ ಹಾಕುವ ಮೊಟ್ಟೆಯ ಹಳದಿ ಬಣ್ಣ ಪರೀಕ್ಷಿಸುವ ಕೆಲಸವನ್ನೂ ಮಾಡಿದರು. ಕ್ಯಾಂಪಸ್ ಇಂಟರ್‌ವ್ಯೂ ಭಯದಲ್ಲಿರುವ ನಮ್ಮಂಥವರಿಗೆ ಈ ಭಾಗ ಓದಲು ಹಿತವಾಗಿದೆ!

1944ರಲ್ಲಿ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಕೆಳಗೆ ಕೆಲಸ ಸಿಕ್ಕಿತು. ಪಿಎಚ್‌ಡಿಗೆ ಸೇರಿದ್ದರು. ಕೆಲಸ ಬಿಟ್ಟು ಪೂರ್ತಿ ಬನ್ನಿ ಎಂದು ಅಲ್ಲಿ ಹೇಳಿದಾಗ ಪಿಎಚ್‌ಡಿಯನ್ನೇ ಬಿಟ್ಟರು. ಇಬ್ಬರೂ ಹಿಡಿದ ದಾರಿ ಸರಳ. ಜೀವಕೋಶವಾಗಲಿ ವೈರಸ್ಸಾಗಲಿ ಬೆಳೆಯಬೇಕಾದರೆ ಡಿಎನ್‌ಎ ಎಂಬ ಉದ್ದನೆಯ ರೈಲನ್ನು ಜೋಡಿಸಬೇಕು. ಅದಕ್ಕೆ ನಕಲಿ ಬೋಗಿ ಕೊಟ್ಟು ಕೆಲಸ ಕೆಡಿಸುವುದು. ಹೀಗೆ ಬಂದ ಮರ್ಕ್ಯಾಪ್ಟೊಪ್ಯೂರಿನ್ 1953ರಿಂದ ಮಕ್ಕಳ ರಕ್ತ ಕ್ಯಾನ್ಸರಿಗೆ ಬಳಕೆಯಾಯಿತು.

ನನಗೆ ಮುಖ್ಯವಾಗಿ ಕಂಡದ್ದು 70ರ ದಶಕದ ಅಸೈಕ್ಲೋವಿರ್, ಹರ್ಪಿಸ್ ವೈರಸ್ಸಿನ ಮದ್ದು. ಇದೂ ಹಿಂದೆ ಕೊಂಡಿಯಿಲ್ಲದ ಬೋಗಿಯೇ, ಸೇರಿಕೊಂಡರೆ ರೈಲು ಮುಂದೆ ಬೆಳೆಯದು. ಆದರೆ ಇದು ತಾನಾಗಿ ಏನೂ ಮಾಡದು. ವೈರಸ್ಸಿನದೇ ಒಂದು ಕಿಣ್ವ ಮುಟ್ಟಿದಾಗ ಮಾತ್ರ ಚುರುಕಾಗುತ್ತದೆ. ಹಾಗಾಗಿ ಸೋಂಕಿಲ್ಲದ ಜೀವಕೋಶಕ್ಕೆ ಹೆಚ್ಚು ತೊಂದರೆಯಿಲ್ಲ. ಆ ಕಿಣ್ವವೇ ಇಲ್ಲದ ಹರ್ಪಿಸ್ ತಳಿಗಳಿಗೆ ಮದ್ದು ನಾಟುವುದಿಲ್ಲ. ವೈರಸ್ಸಿನ ಹೆಸರು ಒಂದೇ ಆದರೂ ತಳಿ ಬೇರೆಯಾದರೆ ಫಲವೂ ಬೇರೆ.

ಎಲಿಯನ್ 1983ರಲ್ಲಿ ನಿವೃತ್ತರಾದರು. ಅವರು ಬೆಳೆಸಿದ ತಂಡ, 1964ರಲ್ಲಿ ಜೆರೋಮ್ ಹೊರ್ವಿಟ್ಸ್ ಕ್ಯಾನ್ಸರಿಗೆಂದು ತಯಾರಿಸಿದ್ದ ಎಜಡ್‌ಟಿಯನ್ನು ಎಚ್‌ಐವಿಯ ಮದ್ದಾಗಿಸಿತು. ಅದರದ್ದೂ ಕೊಂಡಿಯಿಲ್ಲದ ಬೋಗಿಯ ಉಪಾಯವೇ. 1987ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರು ಇದನ್ನೂ ಎಲಿಯನ್ ಖಾತೆಗೆ ಬರೆಯುತ್ತಾರೆ, ಆದರೆ ಕೆಲಸ ಮಾಡಿದ್ದು ಆ ಕಿರಿಯರು. ಮರುವರ್ಷ ಎಲಿಯನ್‌ಗೆ ಹಿಚಿಂಗ್ಸ್, ಜೇಮ್ಸ್ ಬ್ಲ್ಯಾಕ್ ಜೊತೆ ನೊಬೆಲ್ ಬಂತು.

1989ರಲ್ಲಿ ಕೆಟ್ಟ ಸುದ್ದಿ. ಆರು ತಿಂಗಳಿಗಿಂತ ಹೆಚ್ಚು ಎಜಡ್‌ಟಿ ತೆಗೆದುಕೊಂಡವರ ರಕ್ತದಿಂದ ವೈರಸ್ ತೆಗೆದು ಬೆಳೆಸಿ ನೋಡಿದರೆ ಅದು ಮದ್ದಿಗೆ ಅಷ್ಟಾಗಿ ಬಗ್ಗುತ್ತಿರಲಿಲ್ಲ. ಬ್ರೆಂಡನ್ ಲಾರ್ಡರ್ ಮತ್ತು ಸಂಗಡಿಗರ ಈ ಪರೀಕ್ಷೆ ನನಗೆ ಚೆನ್ನಾಗಿ ಅರ್ಥವಾಯಿತು. ನಾವು ಲ್ಯಾಬಿನಲ್ಲಿ ಕಬ್ಬಿಣದ ಸರಳನ್ನು ಯುಟಿಎಂ ಯಂತ್ರಕ್ಕೆ ಸಿಕ್ಕಿಸಿ ಭಾರ ಏರಿಸುತ್ತಾ ಎಲ್ಲಿ ತುಂಡಾಗುತ್ತದೆ ಎಂದು ನೋಡುತ್ತೇವೆ. ಅಲ್ಲಿ ಮದ್ದಿನ ಪ್ರಮಾಣ ಏರಿಸುತ್ತಾ ವೈರಸ್ಸಿನ ಬೆಳವಣಿಗೆ ಎಷ್ಟಕ್ಕೆ ಅರ್ಧವಾಗುತ್ತದೆ ಎಂದು ನೋಡುತ್ತಾರೆ. ಈಗ ವೈರಸ್ಸಿನ ಜೀನ್ ಓದಿಯೂ ಹೇಳಬಹುದು. 184ನೇ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಲ್ಯಾಮಿವುಡಿನ್ ಹೆಚ್ಚುಕಡಿಮೆ ಸೋತಂತೆ. ಅದಕ್ಕೇ 1996ರ ಸುಮಾರಿಗೆ ಮೂರು ಮದ್ದು ಒಟ್ಟಿಗೆ ಕೊಡುವ ಪದ್ಧತಿ ಬಂತು. ಅಮೆರಿಕದಲ್ಲಿ ಹೆಚ್ಚಿರುವುದು ಬಿ ಉಪತಳಿ, ನಮ್ಮಲ್ಲಿ ಸಿ. ಹಾಗಾಗಿ ಅಲ್ಲಿಯ ಪರೀಕ್ಷೆಯ ಫಲವನ್ನು ಇಲ್ಲಿಯ ವೈರಸ್ಸಿನ ಮೇಲೆ ಮತ್ತೆ ನೋಡಲೇಬೇಕು.

ಎಚ್‌ಐವಿ ತನ್ನನ್ನು ನಕಲು ಮಾಡುವಾಗ ತಪ್ಪು ತಿದ್ದುವುದಿಲ್ಲ. ಮಾತ್ರೆ ಬಿಟ್ಟು ಬಿಟ್ಟು ನುಂಗಿದರೆ ಮದ್ದು ರಕ್ತದಲ್ಲಿ ಅರೆಬರೆ ಉಳಿಯುತ್ತದೆ, ತಪ್ಪುಗಳಲ್ಲಿ ಮದ್ದು ತಡೆಯುವಂಥದ್ದು ಬದುಕಿಕೊಳ್ಳುತ್ತದೆ. ಮಾಮನಿಗೆ ಇದನ್ನು ಬ್ಯಾರನ್ ಲೆಕ್ಕದಲ್ಲಿ ಹೇಳಿದೆ. ಮಧ್ಯರಾತ್ರಿ ಬೆಂಕಿ ಆರಿದರೆ ಸೊಪ್ಪು ಏನಾಗುತ್ತದೆ ಮಾಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮಾತ್ರೆಯದ್ದು ತಪ್ಪಿಲ್ಲ ಅಂದರು. ಕೂಲಿ ಬಿಟ್ಟು ಹೋಗುವುದು ಹೇಗೆ ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಈಗ ರಾತ್ರಿ ಒಂಬತ್ತಕ್ಕೆ ಹಾಸ್ಟೆಲಿನಿಂದ ಅವರಿಗೆ ಮಿಸ್ಡ್ ಕಾಲ್ ಕೊಡುತ್ತೇನೆ. ಎರಡನೇ ರಿಂಗಿಗೆ ಕಟ್ ಮಾಡಿದರೆ ನುಂಗಿದ್ದಾರೆ ಎಂದರ್ಥ.