ಜಾನ್ ಪೋಸ್ಟೆಲ್

ಜೋನಾಥನ್ ಬ್ರೂಸ್ ಪೋಸ್ಟೆಲ್ (ಆಗಸ್ಟ್ 6, 1943 – ಅಕ್ಟೋಬರ್ 16, 1998) ಅಮೆರಿಕದ ಗಣಕವಿಜ್ಞಾನಿ. ಜಾನ್ ಪೋಸ್ಟೆಲ್ ಎಂಬ ಹೆಸರಿನಿಂದ ಪ್ರಸಿದ್ಧರು. ಮಿಂಚಂಚೆಯು (ಇ-ಮೇಲ್) ಒಂದು ಸರ್ವರ್‌ನಿಂದ ಇನ್ನೊಂದು ಸರ್ವರ್‌ಗೆ ಸಾಗುವ ಕ್ರಮವನ್ನು ನಿರೂಪಿಸುವ ಎಸ್‌ಎಂಟಿಪಿ, ಅಂದರೆ ಸರಳ ಅಂಚೆ ಸಾಗಣೆ ನಿಯಮಾವಳಿಯನ್ನು 1982ರಲ್ಲಿ ಬರೆದವರು ಇವರು. ಅಂತರಜಾಲದ ತಾಂತ್ರಿಕ ದಸ್ತಾವೇಜುಗಳಾದ ಆರ್‌ಎಫ್‌ಸಿಗಳ ಸಂಪಾದಕರಾಗಿ ಸುಮಾರು 29 ವರ್ಷ ದುಡಿದರು. ಅಂತರಜಾಲದ ಸಂಖ್ಯೆಗಳನ್ನೂ ಹೆಸರುಗಳನ್ನೂ ಹಂಚುವ ಐಯಾನಾ ಎಂಬ ವ್ಯವಸ್ಥೆಯನ್ನು ಕೊನೆಯವರೆಗೂ ನಡೆಸಿದರು. ಪತ್ರ ಕಳುಹಿಸಿದವರು ಯಾರೆಂದು ದೃಢಪಡಿಸುವುದು, ಪತ್ರವನ್ನು ಗುಟ್ಟಾಗಿ ಸಾಗಿಸುವುದು, ಬೇಡದ ಪತ್ರಗಳನ್ನು ತಡೆಯುವುದು ಇವು ಇಂದು ಮೇಲ್ ಸರ್ವರ್ ನಡೆಸುವವರ ನಿತ್ಯದ ಚಿಂತೆಗಳು. ಈ ಮೂರಕ್ಕೂ ಪೋಸ್ಟೆಲ್ ಅವರ ಮೂಲ ನಿಯಮಾವಳಿಯಲ್ಲಿ ಸ್ಥಾನವಿರಲಿಲ್ಲ. ಆದರೆ ಬೇಡದ ಸಂದೇಶಗಳ ಅಪಾಯವನ್ನು ಬಹಳ ಮೊದಲೇ ಗುರುತಿಸಿ ಬರೆದವರಲ್ಲಿಯೂ ಅವರೇ ಒಬ್ಬರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪೋಸ್ಟೆಲ್ ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ ಜನಿಸಿದರು. ಲಾಸ್ ಏಂಜಲೀಸ್ ಪ್ರದೇಶದ ವ್ಯಾನ್ ನೈಸ್ ಪ್ರೌಢಶಾಲೆಯಲ್ಲಿ ಓದಿದರು. ಮುಂದೆ ಅಂತರಜಾಲದ ನಿರ್ಮಾಣದಲ್ಲಿ ಅವರ ಜೊತೆಗಾರರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಇದೇ ಶಾಲೆಯ ವಿದ್ಯಾರ್ಥಿಗಳು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ (ಯುಸಿಎಲ್‌ಎ) 1966ರಲ್ಲಿ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1974ರಲ್ಲಿ ಗಣಕವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಗಣಕಗಳ ಪರಸ್ಪರ ಸಂವಹನ ನಿಯಮಗಳ ವಿಶ್ಲೇಷಣೆಯೇ ಅವರ ಮಹಾಪ್ರಬಂಧದ ವಿಷಯ.

ಅರ್ಪಾನೆಟ್ ಮತ್ತು ಆರ್‌ಎಫ್‌ಸಿಗಳು

ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ ಜಾಲದ ಮೊದಲ ಕೇಂದ್ರ 1969ರ ಸೆಪ್ಟೆಂಬರ್‌ನಲ್ಲಿ ಯುಸಿಎಲ್‌ಎಯಲ್ಲಿ ಸ್ಥಾಪಿತವಾಯಿತು. ಲೆನರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಲ್ಲಿದ್ದ ವಿದ್ಯಾರ್ಥಿಗಳ ಗುಂಪಿಗೆ ಪೋಸ್ಟೆಲ್ ಸೇರಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಕ್ರಾಕರ್ ಮೊದಲ ಆರ್‌ಎಫ್‌ಸಿಯನ್ನು ಬರೆದರು. ಅಭಿಪ್ರಾಯ ಕೋರಿಕೆ ಎಂಬುದು ಆ ಹೆಸರಿನ ಅರ್ಥ. ಆಜ್ಞೆ ಹೊರಡಿಸುವ ಅಧಿಕಾರ ತಮಗಿಲ್ಲವೆಂದು ತಿಳಿದಿದ್ದ ವಿದ್ಯಾರ್ಥಿಗಳು ವಿನಯದಿಂದ ಇಟ್ಟ ಹೆಸರು, ಮುಂದೆ ಜಗತ್ತಿನ ಜಾಲವನ್ನು ನಡೆಸುವ ನಿಯಮಗಳಿಗೇ ಉಳಿಯಿತು. ಈ ಬರಹಗಳಿಗೆ ಸಂಖ್ಯೆ ಕೊಟ್ಟು, ತಿದ್ದಿ, ಪ್ರಕಟಿಸಿ, ಕಾಪಾಡುವ ಹೊಣೆ ಪೋಸ್ಟೆಲ್ ಅವರದಾಯಿತು.

ಯಾವ ಕೆಲಸಕ್ಕೆ ಯಾವ ಸಂಖ್ಯೆ ಎಂಬ ಲೆಕ್ಕವನ್ನು ಇಡಲು ಒಬ್ಬರು ಬೇಕು ಎಂದು 1972ರ ಮೇ ತಿಂಗಳಲ್ಲಿ ಅವರು ಒಂದು ಆರ್‌ಎಫ್‌ಸಿಯಲ್ಲಿ ಸೂಚಿಸಿದರು. ಆ ಸಂಖ್ಯಾಧಿಪತಿ ತಾವೇ ಆಗಬಹುದೇ ಎಂದು ಅರ್ಧ ತಮಾಷೆಯಾಗಿ ಕೇಳಿಯೂ ಇದ್ದರು. ಆಕ್ಷೇಪ ಯಾರಿಂದಲೂ ಬರಲಿಲ್ಲವೆಂದು ಕಾಣುತ್ತದೆ. ಆ ಕೆಲಸ ಸಾಯುವವರೆಗೂ ಅವರ ಬಳಿಯೇ ಇತ್ತು. ಮೇಲ್ ಸರ್ವರ್‌ಗಳು ಒಂದನ್ನೊಂದು ಸಂಪರ್ಕಿಸುವ 25ನೆಯ ಪೋರ್ಟ್ ಇಂಥ ಸಂಖ್ಯೆಗಳಲ್ಲೊಂದು.

ಬೇರೆ ಕೆಲವು ಸಂಸ್ಥೆಗಳಲ್ಲಿ ಕೆಲಸ ಮಾಡಿದ ಮೇಲೆ 1977ರಲ್ಲಿ ಪೋಸ್ಟೆಲ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು (ಐಎಸ್‌ಐ) ಸೇರಿ ಅಲ್ಲಿಯೇ ನೆಲೆಸಿದರು. 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಐಪಿ ಮತ್ತು ಟಿಸಿಪಿ ನಿಯಮಾವಳಿಗಳನ್ನು ಸಂಪಾದಿಸಿದವರು ಅವರೇ. ಅರ್ಪಾನೆಟ್ ಹಳೆಯ ನಿಯಮಗಳನ್ನು ಬಿಟ್ಟು 1983ರ ಜನವರಿ 1ರಂದು ಟಿಸಿಪಿಗೆ ಬದಲಾದದ್ದು ಅವರು ಬರೆದ ಯೋಜನೆಯಂತೆ. ಉದ್ದನೆಯ ಗಡ್ಡ, ಕಾಲಿಗೆ ಚಪ್ಪಲಿ, ಬಿಡುವಾದಾಗ ಸಿಯೆರಾ ನೆವಾಡಾ ಪರ್ವತಗಳಲ್ಲಿ ಚಾರಣ, ಇದು ಸಹೋದ್ಯೋಗಿಗಳು ನೆನೆಯುವ ಪೋಸ್ಟೆಲ್.

1975ರ ಎಚ್ಚರಿಕೆ

1975ರ ನವೆಂಬರ್‌ನಲ್ಲಿ ಪೋಸ್ಟೆಲ್ 706ನೆಯ ಆರ್‌ಎಫ್‌ಸಿಯನ್ನು ಬರೆದರು. ಅದರ ವಿಷಯ ಬೇಡದ ಅಂಚೆ. ಬರಹ ಒಂದು ಪುಟದ್ದು. ಜಾಲದಲ್ಲಿರುವ ಗಣಕವೊಂದಕ್ಕೆ ತನಗೆ ಬರುವ ಸಂದೇಶಗಳಲ್ಲಿ ಕೆಲವನ್ನು ಆರಿಸಿ ನಿರಾಕರಿಸುವ ಮಾರ್ಗವಿಲ್ಲ. ಕೆಟ್ಟುಹೋದ ಅಥವಾ ಕೆಟ್ಟ ಉದ್ದೇಶದ ಇನ್ನೊಂದು ಗಣಕ ಸಂದೇಶಗಳನ್ನು ಸುರಿಯುತ್ತ ಹೋದರೆ ಅದರ ಸೇವೆಯೇ ನಿಂತುಹೋಗಬಹುದು. ಆದ್ದರಿಂದ ನಿರ್ದಿಷ್ಟ ಮೂಲದಿಂದ ಬರುವುದನ್ನು ತಡೆಯುವಂತೆ ಜಾಲಕ್ಕೆ ತಿಳಿಸುವ ಅವಕಾಶ ಇರಬೇಕು ಎಂಬುದು ಅದರ ಸಾರಾಂಶ. ಇಂದು ಸ್ಪ್ಯಾಮ್ ಎಂದು ಕರೆಯುವ ಜಾಹೀರಾತು ಪತ್ರಗಳ ಬಗೆಗೆ ಮಾತ್ರ ಇದು ಬರೆದದ್ದೆಂದು ಕೆಲವೆಡೆ ಹೇಳುವುದುಂಟು. ಅದು ಸರಿಯಲ್ಲ. ಪೋಸ್ಟೆಲ್ ಗಮನ ಇದ್ದುದು ಜಾಲದಲ್ಲಿ ಸಾಗುವ ಎಲ್ಲ ಬಗೆಯ ಸಂದೇಶಗಳ ಮೇಲೆ. ಆದರೂ ಇಂದಿನ ತಡೆಪಟ್ಟಿಗಳ ತರ್ಕ ಅಲ್ಲಿ ಪೂರ್ಣವಾಗಿಯೇ ಇದೆ. ಅರ್ಪಾನೆಟ್‌ನ ನೂರಾರು ಬಳಕೆದಾರರಿಗೆ ಗಣಕ ಕಂಪನಿಯೊಂದರ ಜಾಹೀರಾತು ಒಮ್ಮೆಗೇ ಹೋದದ್ದು ಇದಾದ ಮೇಲೆ, 1978ರ ಮೇ ತಿಂಗಳಲ್ಲಿ.

ಎಸ್‌ಎಂಟಿಪಿಯ ರಚನೆ

1970ರ ದಶಕದಲ್ಲಿ ಮಿಂಚಂಚೆಯನ್ನು ಕಡತ ವರ್ಗಾವಣೆಯ ನಿಯಮದ ಜೊತೆಗೆ ಅಂಟಿಸಿ ಕಳುಹಿಸಲಾಗುತ್ತಿತ್ತು. ಒಂದೇ ಗಣಕದಲ್ಲಿರುವ ಮೂವರಿಗೆ ಪತ್ರ ಬರೆದರೆ ಮೂರು ಪ್ರತಿಗಳು ಹೋಗಬೇಕಾಗಿತ್ತು. ಅಂಚೆಗೆ ಪ್ರತ್ಯೇಕ ನಿಯಮಾವಳಿ ಬೇಕೆಂದು 1980ರಲ್ಲಿ ಸುಜಾನ್ ಸ್ಲೈಜರ್ ಅವರೊಡನೆ ಪೋಸ್ಟೆಲ್ ಒಂದು ಕರಡು ಸಿದ್ಧಪಡಿಸಿದರು. ಅದನ್ನು ಸರಳಗೊಳಿಸುತ್ತ ಬಂದು, 1981ರ ನವೆಂಬರ್‌ನಲ್ಲಿ ಒಂದು ರೂಪವನ್ನೂ 1982ರ ಆಗಸ್ಟ್‌ನಲ್ಲಿ 821ನೆಯ ಆರ್‌ಎಫ್‌ಸಿಯಾಗಿ ಸ್ಥಿರರೂಪವನ್ನೂ ಪ್ರಕಟಿಸಿದರು. ಪತ್ರದ ಒಳಗಿನ ವಿನ್ಯಾಸವನ್ನು ಹೇಳುವ 822ನೆಯ ಆರ್‌ಎಫ್‌ಸಿಯನ್ನು ಅದೇ ತಿಂಗಳು ಡೇವಿಡ್ ಕ್ರಾಕರ್ ಬರೆದರು.

ಎರಡು ಸರ್ವರ್‌ಗಳ ನಡುವಿನ ಸಂಭಾಷಣೆಯೇ ಎಸ್‌ಎಂಟಿಪಿ. ಕಳುಹಿಸುವ ಸರ್ವರ್ ಹೆಲೊ ಎಂದು ತನ್ನ ಹೆಸರು ಹೇಳುತ್ತದೆ. ಮೇಲ್ ಎಂಬ ಆದೇಶದಿಂದ ಕಳುಹಿಸಿದವರ ವಿಳಾಸವನ್ನು, ಆರ್‌ಸಿಪಿಟಿ ಎಂಬ ಆದೇಶದಿಂದ ಪಡೆಯುವವರ ವಿಳಾಸವನ್ನು ತಿಳಿಸುತ್ತದೆ. ಡೇಟಾ ಎಂದು ಹೇಳಿ ಪತ್ರವನ್ನು ಕೊಡುತ್ತದೆ. ಬರಿಯ ಒಂದು ಚುಕ್ಕಿಯಿರುವ ಸಾಲು ಬಂದರೆ ಪತ್ರ ಮುಗಿದಂತೆ. ಕ್ವಿಟ್ ಎಂದರೆ ಬೀಳ್ಕೊಡುಗೆ. ಮೇಲ್ ಮತ್ತು ಆರ್‌ಸಿಪಿಟಿ ಆದೇಶಗಳಲ್ಲಿ ಹೇಳಿದ್ದು ಲಕೋಟೆಯ ಮೇಲಿನ ಬರಹವಿದ್ದಂತೆ. ಪತ್ರದ ಒಳಗೆ ಇಂದ, ಗೆ ಎಂದು ಕಾಣುವುದು ಬೇರೆ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಹುಸಿ ಹೆಸರಿನ ಪತ್ರಗಳು ನುಸುಳುವುದು ಈ ಸಂದಿನಲ್ಲಿಯೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸ್ವೀಕರಿಸುವ ಸರ್ವರ್ ಪ್ರತಿ ಆದೇಶಕ್ಕೂ ಮೂರಂಕಿಯ ಸಂಖ್ಯೆಯಿಂದ ಉತ್ತರಿಸುತ್ತದೆ. ಈ ಪದ್ಧತಿ ಕಡತ ವರ್ಗಾವಣೆಯಿಂದ ಬಂದದ್ದು. ಅದರ ತತ್ತ್ವವನ್ನು ಪೋಸ್ಟೆಲ್ ಒಂದು ಅನುಬಂಧದಲ್ಲಿ ವಿವರಿಸಿದ್ದಾರೆ. ಮೊದಲ ಅಂಕಿ 2 ಆದರೆ ಕೆಲಸ ಆಯಿತು, 3 ಆದರೆ ಮುಂದುವರಿಸಿ, 4 ಆದರೆ ಈಗ ಆಗದು, ಮತ್ತೆ ಬನ್ನಿ, 5 ಆದರೆ ಎಂದಿಗೂ ಆಗದು ಎಂದು ಅರ್ಥ. ಎರಡನೆಯ ಅಂಕಿ ದೋಷ ಎಲ್ಲಿ ಎಂಬುದನ್ನು ಹೇಳುತ್ತದೆ: 0 ಆದರೆ ಆದೇಶದ ಬರವಣಿಗೆಯಲ್ಲಿ, 2 ಆದರೆ ಸಂಪರ್ಕದಲ್ಲಿ, 5 ಆದರೆ ಅಂಚೆ ವ್ಯವಸ್ಥೆಯಲ್ಲಿ. 450 ಬಂದರೆ ಪತ್ರವನ್ನು ಸರದಿಯಲ್ಲಿ ಇಟ್ಟು ಮತ್ತೆ ಪ್ರಯತ್ನಿಸಬೇಕು. 550 ಬಂದರೆ ಬರೆದವರಿಗೆ ಹಿಂದಿರುಗಿಸಬೇಕು. ಪತ್ರ ತಲುಪಲಿಲ್ಲವೆಂಬ ದೂರು ಬಂದಾಗ ಇಂದಿನ ನಿರ್ವಾಹಕ ದಾಖಲೆಯಲ್ಲಿ ಮೊದಲು ಹುಡುಕುವುದು ಈ ಅಂಕಿಗಳನ್ನೇ. ಅಪರಿಚಿತ ಸರ್ವರ್‌ಗೆ ಮೊದಲು ಬೇಕೆಂದೇ 4ರ ಉತ್ತರ ಕೊಟ್ಟು, ಮರಳಿ ಬಂದರೆ ಮಾತ್ರ ಪತ್ರ ಸ್ವೀಕರಿಸುವ ಸ್ಪ್ಯಾಮ್ ತಡೆಯ ವಿಧಾನವೂ ಒಂದುಂಟು. ಅವಸರದಲ್ಲಿ ಲಕ್ಷಾಂತರ ಪತ್ರ ಸುರಿಯುವವರು ಹೆಚ್ಚಾಗಿ ಮರಳಿ ಬರುವುದಿಲ್ಲ.

ಎಸ್‌ಎಂಟಿಪಿಯ ಮೂಲರೂಪದಲ್ಲಿ ಗುಪ್ತಪದವಿಲ್ಲ, ಗೂಢಲಿಪಿಯಿಲ್ಲ. ಹೆಲೊ ಎಂದು ಹೇಳಿದ ಹೆಸರು ನಿಜವೇ ಎಂದು ಕೇಳುವ ಕಟ್ಟಳೆಯೂ ಇಲ್ಲ. ಯಾವ ಸರ್ವರ್ ಬೇಕಾದರೂ ಬೇರೆಯವರ ಪತ್ರವನ್ನು ಪಡೆದು ಮುಂದಕ್ಕೆ ಸಾಗಿಸುವುದು ಆಗ ನೆರೆಹೊರೆಯ ಉಪಕಾರವಾಗಿತ್ತು. ಜಾಲದಲ್ಲಿ ಆಗ ಇದ್ದವು ಸಂಶೋಧನಾ ಸಂಸ್ಥೆಗಳು, ವಿಶ್ವವಿದ್ಯಾಲಯಗಳು ಮತ್ತು ರಕ್ಷಣಾ ಇಲಾಖೆಯ ಕೇಂದ್ರಗಳು. ತಪ್ಪು ಮಾಡಿದವರನ್ನು ಹೆಸರು ಹಿಡಿದು ಕೇಳಬಹುದಾಗಿತ್ತು. ಬಗೆಬಗೆಯ ಗಣಕಗಳಲ್ಲಿ ಬೇಗ ಅಳವಡಿಸಲು ಸರಳತೆಯೇ ಮುಖ್ಯವೆಂಬುದು ಪೋಸ್ಟೆಲ್ ಅವರ ಎಣಿಕೆ. ಆ ಸರಳತೆಯಿಂದಲೇ ಎಸ್‌ಎಂಟಿಪಿ ಉಳಿದ ಅಂಚೆ ಪದ್ಧತಿಗಳನ್ನು ಹಿಂದೆ ಹಾಕಿತು ಎಂಬುದನ್ನೂ ಮರೆಯುವಂತಿಲ್ಲ. ಮೂಲ ನಿಯಮಾವಳಿ ಇಂಗ್ಲಿಷ್ ಲಿಪಿಯ ಏಳು ಬಿಟ್‌ಗಳ ಅಕ್ಷರಗಳನ್ನು ಮಾತ್ರ ಸಾಗಿಸುತ್ತಿತ್ತು. ಕನ್ನಡ ಮೊದಲಾದ ಲಿಪಿಗಳ ಪತ್ರಗಳಿಗೆ ಕ್ರಮಬದ್ಧ ದಾರಿ ತೆರೆದದ್ದು 1992ರಲ್ಲಿ ಬಂದ ಮೈಮ್ ಎಂಬ ಪದ್ಧತಿ.

ಪೋಸ್ಟೆಲ್ ಸೂತ್ರ

ತಾನು ಕಳುಹಿಸುವುದರಲ್ಲಿ ಕಟ್ಟುನಿಟ್ಟಾಗಿರಬೇಕು, ಇತರರಿಂದ ಬಂದುದನ್ನು ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬ ತತ್ತ್ವವನ್ನು ಪೋಸ್ಟೆಲ್ ಟಿಸಿಪಿಯ ದಸ್ತಾವೇಜಿನಲ್ಲಿ ಸೇರಿಸಿದರು. ಇದು ಅವರ ಹೆಸರಿನಿಂದಲೇ ಪೋಸ್ಟೆಲ್ ಸೂತ್ರವೆಂದು ಪ್ರಸಿದ್ಧವಾಗಿದೆ. ಅಂತರಜಾಲ ಬೇಗ ಬೆಳೆಯಲು ಈ ಉದಾರತೆ ಕಾರಣವಾಯಿತು. ಆದರೆ ತಪ್ಪು ಮಾಡಿದವರು ತಿದ್ದಿಕೊಳ್ಳದೆ ಉಳಿಯುವುದಕ್ಕೂ ಇದೇ ಕಾರಣವೆಂಬ ಟೀಕೆಯಿದೆ. 2023ರ ಜೂನ್‌ನಲ್ಲಿ ಬಂದ 9413ನೆಯ ಆರ್‌ಎಫ್‌ಸಿ ಈ ಸೂತ್ರದ ಮಿತಿಗಳನ್ನು ಚರ್ಚಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟೀಕೆಗೆ ನಿದರ್ಶನವೂ ದೊರಕಿತು. ಪತ್ರದ ಕೊನೆಯ ಚುಕ್ಕಿಯ ಸಾಲನ್ನು ಗುರುತಿಸುವಾಗ ಪೋಸ್ಟ್‌ಫಿಕ್ಸ್, ಸೆಂಡ್‌ಮೇಲ್, ಎಕ್ಸಿಮ್ ಮುಂತಾದ ಸರ್ವರ್ ತಂತ್ರಾಂಶಗಳು ತೋರುತ್ತಿದ್ದ ಸಡಿಲತೆಯನ್ನು ಬಳಸಿ, ಒಂದು ಪತ್ರದ ಒಡಲಲ್ಲಿ ಇನ್ನೊಂದು ಹುಸಿ ಪತ್ರವನ್ನು ಅಡಗಿಸಿ ಸಾಗಿಸಬಹುದೆಂದು ಸಂಶೋಧಕರು ತೋರಿಸಿದರು. ತಂತ್ರಾಂಶಗಳನ್ನು ಬಿಗಿಗೊಳಿಸಬೇಕಾಯಿತು.

ಐಯಾನಾ

ಗಣಕಗಳ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಇಡುವುದು ಕಷ್ಟವಾದಾಗ ಹೊಸ ವ್ಯವಸ್ಥೆಯನ್ನು ರೂಪಿಸುವ ಕೆಲಸವನ್ನು ಪೋಸ್ಟೆಲ್ ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ವಹಿಸಿದರು. 1983ರಲ್ಲಿ ಡೊಮೈನ್ ಹೆಸರುಗಳ ಪದ್ಧತಿ (ಡಿಎನ್‌ಎಸ್) ಬಂದದ್ದು ಹೀಗೆ. ಯಾವ ಡೊಮೈನ್‌ನ ಪತ್ರ ಯಾವ ಸರ್ವರ್‌ಗೆ ಹೋಗಬೇಕೆಂಬುದನ್ನು ಇಂದಿಗೂ ಈ ಪದ್ಧತಿಯ ಎಂಎಕ್ಸ್ ದಾಖಲೆಯೇ ಹೇಳುತ್ತದೆ.

ಸಂಖ್ಯೆ ಮತ್ತು ಹೆಸರುಗಳ ಹಂಚಿಕೆಗೆ ಐಯಾನಾ ಎಂಬ ಹೆಸರು ಬಂದರೂ, ಅಮೆರಿಕ ರಕ್ಷಣಾ ಇಲಾಖೆಯ ಗುತ್ತಿಗೆಯ ಮೇಲೆ ನಡೆಯುತ್ತಿದ್ದ ಅದು ವಾಸ್ತವದಲ್ಲಿ ಪೋಸ್ಟೆಲ್, ಜಾಯ್ಸ್ ರೆನಾಲ್ಡ್ಸ್ ಮತ್ತು ಕೆಲವೇ ಸಹಾಯಕರ ಕಚೇರಿ. ದೇಶಗಳ ಡೊಮೈನ್‌ಗಳಿಗೆ ಐಎಸ್ಒ ಸಂಸ್ಥೆಯ ಪಟ್ಟಿಯನ್ನೇ ಆಧಾರವಾಗಿ ಹಿಡಿದದ್ದು ಅವರ ಜಾಣತನ. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವ ರಗಳೆ ಅವರಿಗೆ ಬೇಕಿರಲಿಲ್ಲ. ಭಾರತದ ಡಾಟ್ ಇನ್ ಡೊಮೈನ್ 1989ರಲ್ಲಿ ಈ ಕಚೇರಿಯ ಮೂಲಕವೇ ನೋಂದಣಿಯಾಯಿತು. ಆಗ ಭಾರತದಲ್ಲಿ ಇದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳೊಡನೆ ಆರಂಭವಾದ ಎರ್ನೆಟ್ ಜಾಲ.

1998ರ ವಿವಾದ ಮತ್ತು ನಿಧನ

1990ರ ದಶಕದಲ್ಲಿ ಹೆಸರುಗಳು ಹಣದ ವಸ್ತುವಾದವು. ಅವುಗಳ ಒಡೆತನ ಯಾರದೆಂಬ ಪ್ರಶ್ನೆ ಎದ್ದಿತು. 1998ರ ಜನವರಿ 28ರಂದು ಪೋಸ್ಟೆಲ್ ಎಂಟು ಮೂಲ ನಾಮಸರ್ವರ್‌ಗಳ ನಿರ್ವಾಹಕರಿಗೆ ಮಿಂಚಂಚೆ ಕಳುಹಿಸಿ, ಮುಖ್ಯ ಪಟ್ಟಿಯನ್ನು ಇನ್ನು ಮುಂದೆ ಐಯಾನಾದ ಗಣಕದಿಂದ ಪಡೆಯುವಂತೆ ತಿಳಿಸಿದರು. ನಿರ್ವಾಹಕರು ಹಾಗೆಯೇ ಮಾಡಿದರು. ಯಾವ ಶಾಸನದ ಬಲವೂ ಇರಲಿಲ್ಲ. ಪತ್ರ ಬರೆದವರು ಪೋಸ್ಟೆಲ್ ಎಂಬುದೇ ಸಾಕಾಗಿತ್ತು. ಅಮೆರಿಕ ಸರ್ಕಾರ ಇದಕ್ಕೆ ತೀವ್ರವಾಗಿ ಆಕ್ಷೇಪಿಸಿತು. ಅಧ್ಯಕ್ಷರ ಸಲಹೆಗಾರ ಐರಾ ಮ್ಯಾಗಜೈನರ್ ದೂರವಾಣಿಯಲ್ಲಿ ಮಾತಾಡಿದ ಮೇಲೆ, ಇದೊಂದು ಪರೀಕ್ಷೆಯಾಗಿತ್ತೆಂದು ಹೇಳಿ ಪೋಸ್ಟೆಲ್ ಮೊದಲಿನ ವ್ಯವಸ್ಥೆಗೆ ಮರಳಿದರು. ಬಳಕೆದಾರರಿಗೆ ಯಾವ ತೊಂದರೆಯೂ ಆಗಲಿಲ್ಲ. ಆದರೆ ಒಬ್ಬ ವ್ಯಕ್ತಿಯ ಮಾತಿನ ಮೇಲೆ ಇಡೀ ಜಾಲ ನಿಂತಿದೆ ಎಂಬುದು ಎಲ್ಲರಿಗೂ ಗೋಚರಿಸಿತು. ಅವರ ಹೊಣೆಗಳನ್ನು ವಹಿಸಿಕೊಳ್ಳುವ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಆ ವರ್ಷದ ಸೆಪ್ಟೆಂಬರ್ 30ರಂದು ನೋಂದಣಿಯಾಯಿತು.

ಪೋಸ್ಟೆಲ್ ಅದನ್ನು ಕಂಡದ್ದು ಎರಡೇ ವಾರ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರ ಅಕ್ಟೋಬರ್ 16ರಂದು ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಆಗ ಅವರ ವಯಸ್ಸು 55. ಸರ್ಫ್ ಬರೆದ ಶ್ರದ್ಧಾಂಜಲಿ 2468ನೆಯ ಆರ್‌ಎಫ್‌ಸಿಯಾಗಿ ಪ್ರಕಟವಾಯಿತು.

ನಂತರದ ಎಸ್‌ಎಂಟಿಪಿ

ಹೊಸ ಸೌಲಭ್ಯಗಳನ್ನು ಸೇರಿಸಲು 1993ರಲ್ಲಿಯೇ ಹೆಲೊ ಬದಲಿಗೆ ಎಹ್ಲೊ ಎಂಬ ಆದೇಶ ಬಂದಿತ್ತು. ಭದ್ರತೆಯ ಮುಖ್ಯ ಸೇರ್ಪಡೆಗಳು ಬಂದದ್ದು ಪೋಸ್ಟೆಲ್ ನಿಧನದ ಆರು ತಿಂಗಳೊಳಗೆ. 1998ರ ಡಿಸೆಂಬರ್‌ನಲ್ಲಿ ಬಳಕೆದಾರರು ಪತ್ರ ಒಪ್ಪಿಸಲು 587ನೆಯ ಪೋರ್ಟ್, 1999ರ ಜನವರಿಯಲ್ಲಿ ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ಸ್ಟಾರ್ಟ್‌ಟಿಎಲ್‌ಎಸ್, ಮಾರ್ಚ್‌ನಲ್ಲಿ ಗುಪ್ತಪದದ ದೃಢೀಕರಣ ಬಂದವು. ಎಲ್ಲರ ಪತ್ರವನ್ನೂ ಸಾಗಿಸುವ ಹಳೆಯ ಉಪಕಾರ ಸ್ಪ್ಯಾಮ್ ಕಳುಹಿಸುವವರಿಗೆ ಹೆದ್ದಾರಿಯಾದ್ದರಿಂದ, ದೃಢೀಕರಣವಿಲ್ಲದೆ ಹೊರಗಿನವರ ಪತ್ರ ಸಾಗಿಸಬಾರದೆಂಬುದು ಸರ್ವರ್ ಸ್ಥಾಪನೆಯ ಮೊದಲ ಪಾಠವಾಯಿತು.

ಲಕೋಟೆಯ ಮೇಲಿನ ವಿಳಾಸದ ಪರವಾಗಿ ಪತ್ರ ಕಳುಹಿಸಲು ಆ ಸರ್ವರ್‌ಗೆ ಅನುಮತಿಯಿದೆಯೇ ಎಂದು ನೋಡುವ ಎಸ್‌ಪಿಎಫ್ 2006ರಲ್ಲಿ, ಪತ್ರಕ್ಕೆ ಡೊಮೈನ್‌ನ ಸಹಿ ಹಾಕುವ ಡಿಕೆಐಎಂ 2007ರಲ್ಲಿ ಆರ್‌ಎಫ್‌ಸಿಗಳಾಗಿ ಬಂದವು. ಇವುಗಳ ಫಲಿತಾಂಶ ಪತ್ರದ ಒಳಗೆ ಕಾಣುವ ಹೆಸರಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುವ ಡಿಮಾರ್ಕ್ 2015ರಲ್ಲಿ ಪ್ರಕಟವಾಯಿತು. ಸರ್ವರ್‌ಗಳ ನಡುವಿನ ಗೂಢಲಿಪಿ ಇಂದಿಗೂ ಸಾಮಾನ್ಯವಾಗಿ ಐಚ್ಛಿಕ: ಎದುರಿನ ಸರ್ವರ್ ಅದನ್ನು ನೀಡದಿದ್ದರೆ, ಬೇರೆ ಕಟ್ಟುಪಾಡು ಇಲ್ಲದಾಗ ಪತ್ರ ತೆರೆದ ಅಂಚೆಕಾರ್ಡಿನಂತೆಯೇ ಹೋಗುತ್ತದೆ. 821ನೆಯ ಆರ್‌ಎಫ್‌ಸಿಯ ಸ್ಥಾನವನ್ನು 2001ರಲ್ಲಿ 2821ನೆಯದೂ 2008ರಲ್ಲಿ 5321ನೆಯದೂ ಪಡೆದವು. ಆದೇಶಗಳ ಕ್ರಮ, ಮೂರಂಕಿಯ ಉತ್ತರಗಳು ಮತ್ತು ಕೊನೆಯ ಚುಕ್ಕಿ ಹಾಗೆಯೇ ಇವೆ.

ಗೌರವಗಳು

ಪೋಸ್ಟೆಲ್ 1997ರಲ್ಲಿ ಸಿಗ್‌ಕಾಮ್ ಪ್ರಶಸ್ತಿ ಪಡೆದರು. ಇಂಟರ್ನೆಟ್ ಸೊಸೈಟಿಯ ಮೊದಲ ವೈಯಕ್ತಿಕ ಸದಸ್ಯರು ಅವರು. ಆ ಸಂಸ್ಥೆ 1999ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದ್ದು, ಮೊದಲ ವರ್ಷದ ಪ್ರಶಸ್ತಿ ಮರಣೋತ್ತರವಾಗಿ ಅವರಿಗೇ ಸಂದಿತು. 2012ರಲ್ಲಿ ಇಂಟರ್ನೆಟ್ ಹಾಲ್ ಆಫ್ ಫೇಮ್‌ನ ಮೊದಲ ತಂಡದಲ್ಲಿ ಅವರ ಹೆಸರನ್ನು ಸೇರಿಸಲಾಯಿತು.